ಹನ್ನೆರಡು ಯೂರೋಗೆ ಹೋದ ಗಾಡಿ

ನಮ್ಮ ಮನೆಯ ಅರ್ಥಸಚಿವ ನಾನು. ಈ ಹುದ್ದೆಯನ್ನು ಯಾರೂ ಕೊಟ್ಟದ್ದಲ್ಲ, ನಾನೇ ವಹಿಸಿಕೊಂಡದ್ದು. (ಪ್ರಧಾನಿ ಯಾರು ಎಂದು ಕೇಳಬೇಡಿ. ಸಂಸಾರವಂದಿಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.) ನಗರಸಭೆಯ ತೋಟದ ವಿಭಾಗದಲ್ಲಿ ಮರ ಸವರುವವನ ಸಂಬಳ ಎಷ್ಟಿರುತ್ತದೆ, ಹೇಳಿ. ಅದರಲ್ಲಿ ಹೆಂಡತಿ, ಐದು ವರ್ಷದ ಮಗಳು, ವರ್ಷ ತುಂಬಿದ ಮಗ, ಬಾಡಿಗೆ, ಕರೆಂಟು, ಗ್ಯಾಸು ಎಲ್ಲವನ್ನೂ ತೂಗಿಸಬೇಕು. ಹಲ್ಲುಜ್ಜುವ ಪೇಸ್ಟು ಮುಗಿಯಿತು ಎಂದು ಎಲ್ಲರೂ ಕೈಬಿಟ್ಟ ಮೇಲೆ ನಾನು ಆ ಟ್ಯೂಬನ್ನು ಕತ್ತರಿಯಿಂದ ಸೀಳಿ ಇನ್ನೊಂದು ವಾರ ಓಡಿಸುತ್ತೇನೆ. ಒಂದೇ ಚಹಾ ಪೊಟ್ಟಣವನ್ನು ಎರಡು ಸಲ ಅದ್ದುತ್ತೇನೆ. "ಎರಡನೇದು ಚಹಾ ಅಲ್ಲ ಕಣೋ, ಚಹಾದ ತಿಥಿ" ಎನ್ನುತ್ತಾಳೆ ನನ್ನ ಹೆಂಡತಿ ಡೋರ್ಲೆ. ಅನ್ನಲಿ. ಅರ್ಥಸಚಿವರನ್ನು ಯಾವ ದೇಶದಲ್ಲಿ ತಾನೆ ಹೊಗಳುತ್ತಾರೆ?

ಅಕ್ಟೋಬರ್ ತಿಂಗಳಲ್ಲಿ ನಮ್ಮ ಬಟ್ಟೆ ಒಗೆಯುವ ಯಂತ್ರ ಒಮ್ಮೆ ಗುಡುಗಿ, ನಡುಗಿ, ನಿಂತುಬಿಟ್ಟಿತು. ರಿಪೇರಿಯವನು ನೂರ ನಲವತ್ತು ಯೂರೋ ಎಂದ. ಅಷ್ಟನ್ನು ಹೇಗೋ ಹೊಂದಿಸಿ ಕವರಿನಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡೆ. ಅಷ್ಟರಲ್ಲಿ ಮಗಳು ಫ್ರಿಟ್ಸಿಗೆ ಹೋದ ವರ್ಷದ ಚಳಿಗಾಲದ ಬೂಟು ಕಾಲಿಗೆ ಹಿಡಿಯದೆ ಹೋಯಿತು. ಭಾನುವಾರ ಊಟವಾದ ಮೇಲೆ ನಾನು ಎಂದಿನಂತೆ ಆಯವ್ಯಯ ಮಂಡಿಸಿದೆ. ಬೂಟನ್ನು ಮುಂದಿನ ತಿಂಗಳಿಗೆ ತಳ್ಳಿದೆ.

"ಮುಂದಿನ ತಿಂಗಳು ಹಿಮ ಬಿದ್ದಿರುತ್ತೆ. ಮಗೂ ಕಾಲು ನಿನ್ನ ಬಜೆಟ್ ಕೇಳ್ಕೊಂಡು ಬೆಳೆಯುತ್ತಾ?" ಎಂದಳು ಡೋರ್ಲೆ.

"ಸ್ವಲ್ಪ ನಿಧಾನವಾಗಿ ಬೆಳೆದ್ರೆ ಉಪಕಾರ ಆಗ್ತಿತ್ತು. ಇನ್ನೊಂದೇ ಒಂದು ಖರ್ಚು ಬರಲಿ, ಈ ಸರ್ಕಾರ ಉರುಳಿಹೋಗುತ್ತೆ, ನೋಡ್ತಿರು."

ಡೋರ್ಲೆ ಎದ್ದು ತಟ್ಟೆಗಳನ್ನು ತೆಗೆದಳು. ವಿರೋಧ ಪಕ್ಷ ಸಭಾತ್ಯಾಗ ಮಾಡಿತೆಂದು ನಾನು ಮಂಡನೆಯನ್ನು ಅಂಗೀಕಾರ ಮಾಡಿಕೊಂಡೆ.

ಆಗಲೇ ನನಗೆ ಆ ದಿವ್ಯ ಉಪಾಯ ಹೊಳೆದದ್ದು. ನಮ್ಮ ಊರಿನ ಶಿಶುವಿಹಾರದವರು ವರ್ಷಕ್ಕೆ ಎರಡು ಸಲ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಹಳೆಯ ಸಾಮಾನಿನ ಬಜಾರು ನಡೆಸುತ್ತಾರೆ. ಮಕ್ಕಳಿಗೆ ಚಿಕ್ಕದಾದ ಅಂಗಿ, ಬೂಟು, ಸೈಕಲ್ಲು, ತೊಟ್ಟಿಲು ಎಲ್ಲಕ್ಕೂ ತಮ್ಮ ನಂಬರು ಮತ್ತು ಬೆಲೆಯ ಚೀಟಿ ಕಟ್ಟಿ ಬೆಳಿಗ್ಗೆ ಒಪ್ಪಿಸಿದರೆ ಸಂಜೆ ದುಡ್ಡು ಬರುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲು ಶಿಶುವಿಹಾರಕ್ಕೆ. ಆದರೆ ಬಜಾರಿನ ಕೆಲಸಕ್ಕೆ ಕೈಜೋಡಿಸಿದವರಿಗೆ ಆ ಪಾಲು ಮಾಫಿ. ಅದಕ್ಕಿಂತ ಮಿಗಿಲಾಗಿ, ಯಾವ ಮೇಜಿನ ಮೇಲೆ ಯಾವ ಬೂಟಿದೆ ಎನ್ನುವುದು ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

"ಶ್ವೆಂಕ್ ಮೇಡಂ ಕೈಕೆಳಗೆ ಕೆಲಸ ಮಾಡ್ತೀಯಾ? ನೀನು?" ಎಂದು ಡೋರ್ಲೆ ನಕ್ಕಳು.

ಶ್ವೆಂಕ್ ಮೇಡಂ ಎಂದರೆ ನಿವೃತ್ತ ಶಿಕ್ಷಕಿ, ಬಜಾರಿನ ಆಜೀವ ಸರ್ವಾಧಿಕಾರಿ. ಕೊಳ್ಳುವವರು ಯಾರೇ ಆಗಲಿ, ಎರಡು ಗಂಟೆಗೆ ಮೊದಲು ಒಳಗೆ ಕಾಲಿಡುವಂತಿಲ್ಲ. ದುಡ್ಡು ಕೊಡದೆ ಒಂದು ಗುಂಡಿಯೂ ಬಾಗಿಲು ದಾಟುವಂತಿಲ್ಲ. ಕೆಲಸಕ್ಕೆ ಬಂದವರು ಸಾಮಾನು ಬಚ್ಚಿಟ್ಟುಕೊಂಡರಂತೂ ಜೀವಮಾನವಿಡೀ ಬಹಿಷ್ಕಾರ. ಜೊತೆಗೆ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ಒಂದು ಕೇಕು ಮಾಡಿಕೊಂಡು ಬರಬೇಕು.

ಶನಿವಾರ ಬೆಳಿಗ್ಗೆ ಸೇಬಿನ ಕೇಕು ಮತ್ತು ಮಾರಬೇಕಾದ ಬಟ್ಟೆಯ ಎರಡು ಗಂಟುಗಳನ್ನು ಮಗುವಿನ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟೆ. ಗಾಡಿಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅದು ನಮ್ಮದಲ್ಲ. ಡೋರ್ಲೆಯ ಅಕ್ಕ ಸ್ವೆನ್ಯಾಳದು. ಅವಳು ತನ್ನ ಮೊದಲ ಮಗುವಿಗೆ ಸಾವಿರಕ್ಕೂ ಹೆಚ್ಚು ಸುರಿದು ಕೊಂಡ ನೀಲಿ ಗಾಡಿ. ನಮ್ಮ ಮಗ ವಿನ್ಸೆಂಟ್ಸ್‌ಗೆಂದು ಎರವಲು ಕೊಟ್ಟಿದ್ದಳು. ಈಗ ಅವಳಿಗೆ ಎರಡನೆಯದು ಜನವರಿಯಲ್ಲಿ. ಅಷ್ಟರೊಳಗೆ ಗಾಡಿಯನ್ನು ಒಂದು ಗೀರೂ ಇಲ್ಲದಂತೆ ಹಿಂದಿರುಗಿಸಬೇಕೆಂದು ಮಾತಾಗಿತ್ತು. ಅದನ್ನು ಕಳೆದರೆ ಹೊಸದು ಕೊಡುವ ಶಕ್ತಿ ನನ್ನ ಖಜಾನೆಗಿರಲಿಲ್ಲ, ಸ್ವೆನ್ಯಾಳ ಮುಂದೆ ನಿಲ್ಲುವ ಶಕ್ತಿ ನನಗಿರಲಿಲ್ಲ.

"ಬಾಗಿಲಲ್ಲಿ ಗಾಡಿ ನಿಲ್ಲಿಸ್ಬೇಡಿ! ಆ ಮೂಲೆಗೆ ತಳ್ಳಿ!" ಎಂದು ಶ್ವೆಂಕ್ ಮೇಡಂ ಗುಡುಗಿದರು. ಮೂಲೆಯಲ್ಲಿ ಮಾರಾಟದ ಗಾಡಿಗಳು ಸಾಲಾಗಿ ನಿಂತಿದ್ದವು. ನಮ್ಮದನ್ನು ಕೊನೆಯಲ್ಲಿ ನಿಲ್ಲಿಸಿದೆ.

ಬೂಟುಗಳನ್ನು ಅಳತೆಯ ಪ್ರಕಾರ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಕಂಡವು ನೋಡಿ, ಫ್ರಿಟ್ಸಿಯ ಕಾಲಿಗೆಂದೇ ಹೊಲಿದಂಥ ಬೂಟುಗಳು! ಒಳಗೆ ಕುರಿಯ ಉಣ್ಣೆ, ಅಟ್ಟೆ ಸವೆದಿಲ್ಲ, ಬೆಲೆ ಹನ್ನೆರಡು ಯೂರೋ. ಎರಡು ಗಂಟೆಗೆ ಬಾಗಿಲು ತೆರೆದರೆ ಊರಿನ ತಾಯಂದಿರೆಲ್ಲ ಇವುಗಳ ಮೇಲೆ ಬೀಳುವುದು ಖಂಡಿತ. ನಾನು ಅತ್ತಿತ್ತ ನೋಡಿದೆ. ಶ್ವೆಂಕ್ ಮೇಡಂ ಯಾರಿಗೋ ಬೈಯುತ್ತಿದ್ದರು. ಬೂಟುಗಳನ್ನು ಕೋಟಿನೊಳಗೆ ತೂರಿಸಿ, ಮೂಲೆಗೆ ಹೋಗಿ, ನಮ್ಮ ಗಾಡಿಯ ಕಂಬಳಿಯ ಕೆಳಗೆ ಮಲಗಿಸಿದೆ. ಚೀಟಿಯ ದಾರ ಉದ್ದವಾಗಿತ್ತು. ಅದು ಹೊರಗೆ ಇಳಿಬಿದ್ದದ್ದನ್ನು ನಾನು ಗಮನಿಸಲಿಲ್ಲ. ಗಮನಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಷ್ಟರಲ್ಲಿ ನನ್ನನ್ನು ಅಡುಗೆಮನೆಗೆ ಅಟ್ಟಿದರು. ಕಾಫಿಯ ದೊಡ್ಡ ಪಾತ್ರೆಗಳನ್ನು ಎತ್ತಿಟ್ಟು, ಲೋಟ ತೊಳೆದು, ಯಾರೂ ಮುಟ್ಟದ ನನ್ನ ಕೇಕಿನ ಎರಡು ತುಂಡುಗಳನ್ನು ನಾನೇ ತಿಂದು, ಎರಡು ಗಂಟೆಯ ಗಂಟೆ ಬಾರಿಸುವಾಗ ಹೊರಗೆ ಬಂದೆ. ಮೂಲೆಯಲ್ಲಿ ಗಾಡಿ ಇರಲಿಲ್ಲ.

ಗಲ್ಲಾಪೆಟ್ಟಿಗೆಯಲ್ಲಿ ಪಕ್ಕದ ಹಳ್ಳಿಯ ಹೆಂಗಸೊಬ್ಬರು ಕೂತಿದ್ದರು.

"ಇಲ್ಲೊಂದು ನೀಲಿ ಗಾಡಿ ಇತ್ತಲ್ಲ..."

"ಅದಾ? ಆಗ್ಲೇ ಹೋಯ್ತಲ್ಲ. ಹನ್ನೆರಡು ಯೂರೋ."

"ಹನ್ನೆರಡಾ! ಅದು ಸಾವಿರದ ಗಾಡಿ ಕಣ್ರೀ!"

"ಚೀಟೀಲಿ ಹನ್ನೆರಡು ಅಂತಿತ್ತು. ಚೀಟೀಲಿ ಇದ್ದಷ್ಟೇ ಬೆಲೆ. ಮಾರಿದವನು ಯಾವನೋ ಪುಣ್ಯಾತ್ಮ ಇರ್ಬೇಕು ಅಂದ್ಕೊಂಡೆ."

ಪುಣ್ಯಾತ್ಮನಿಗೆ ಗೋಡೆ ಹಿಡಿದುಕೊಳ್ಳಬೇಕಾಯಿತು.

"ತಗೊಂಡವರು ಯಾರು?"

"ಯಾರೋ ಬಸುರಿ. ಒಂದೂವರೆಯಿಂದ ಎರಡರವರೆಗೆ ಅವರದೇ ಹೊತ್ತಲ್ವಾ? ಬೇರೆಯವರನ್ನ ಒಳಗೆ ಬಿಡಲ್ಲ."

ಶ್ವೆಂಕ್ ಮೇಡಂ ಶಾಸನದಲ್ಲಿ ಇರುವ ಒಂದೇ ಒಂದು ದಯೆ ಅದು. ನೂಕುನುಗ್ಗಲು ಆಗದಿರಲೆಂದು ಗರ್ಭಿಣಿಯರಿಗೆ ಅರ್ಧ ಗಂಟೆ ಮೊದಲೇ ಪ್ರವೇಶ. ಅದೂ ಡಾಕ್ಟರು ಕೊಟ್ಟ ಬಸುರಿನ ಪುಸ್ತಕ ತೋರಿಸಿದರೆ ಮಾತ್ರ, ಹೊಟ್ಟೆ ತೋರಿಸಿದರೆ ಸಾಲದು. ಮೇಡಂ ಬಳಿ ಹೋಗಿ ದೂರು ಕೊಡೋಣವೆಂದರೆ, ಚೀಟಿ ಅಲ್ಲಿಗೆ ಹೇಗೆ ಬಂತು ಎಂದು ಮೊದಲ ಪ್ರಶ್ನೆಯೇ ಬರುತ್ತದೆ. ಹಾಗಾಗಿ ನಾನೇ ಪತ್ತೇದಾರಿಕೆಗೆ ಇಳಿದೆ.

ಒಂದು ಸಭಾಂಗಣ ತುಂಬ ತಾಯಂದಿರು ಇರುವಲ್ಲಿ ಒಬ್ಬ ಗಂಡಸು ಬಸುರಿಯರನ್ನು ಹುಡುಕುವುದು ಎಷ್ಟು ಮಾನಗೇಡಿನ ಕೆಲಸವೆಂದು ಶತ್ರುವಿಗೂ ತಿಳಿಯದಿರಲಿ. ನಾನು ಮುಖ ನೋಡುವಂತಿಲ್ಲ, ಹೊಟ್ಟೆ ನೋಡಬೇಕು. ಕಂಡ ಕಂಡ ನೀಲಿ ಗಾಡಿಯೊಳಗೆ ಇಣುಕಿದೆ. ಒಳಗಿದ್ದ ಮಕ್ಕಳು ನನ್ನನ್ನು ನೋಡಿ ಕಿಟಾರನೆ ಕಿರುಚಿದವು. ಕೊನೆಗೆ ಕೇಕಿನ ಮೇಜಿನ ಬಳಿ ತಕ್ಕಮಟ್ಟಿಗೆ ಹೊಟ್ಟೆಯಿದ್ದ ಒಬ್ಬರನ್ನು ಕಂಡು ಧೈರ್ಯ ಮಾಡಿದೆ.

"ಕ್ಷಮಿಸಿ, ನೀವು ಬಸುರಿ ತಾನೆ?"

"ನಾನು ಎರಡು ಬ್ರೆಟ್ಸೆಲ್ ಬನ್ನು ತಿಂದಿದೀನಿ, ಅಷ್ಟೆ!" ಎಂದು ಆಕೆ ಕಿರುಚಿದರು. "ಏನ್ರೀ ನಿಮ್ಮ ಸಮಸ್ಯೆ?"

ನನ್ನ ಸಮಸ್ಯೆಯನ್ನು ಹೇಳುವಂತಿರಲಿಲ್ಲ. ಅಲ್ಲಿಂದ ಓಡಿದವನು ಮತ್ತೆ ಆ ಗಾಡಿಗಳ ಮೂಲೆಗೇ ಬಂದು ನಿಂತೆ. ಡೋರ್ಲೆ ಎರಡು ಗಂಟೆಗೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದಳು. ಇನ್ನೂ ಬಂದಿರಲಿಲ್ಲ. ಬಂದು ಗಾಡಿ ಎಲ್ಲಿ ಎಂದರೆ? ಆಗ ನನ್ನ ಕಣ್ಣಿಗೆ ಬಿತ್ತು, ಸಾಲಿನ ಮಧ್ಯೆ ಇನ್ನೊಂದು ನೀಲಿ ಗಾಡಿ. ಅದೇ ಕಂಪನಿ, ಅದೇ ಬಣ್ಣ, ಅದೇ ಹಿಡಿಕೆ. ಚೀಟಿ ನೋಡಿದೆ: ನೂರ ನಲವತ್ತು. ದೇವರು ನನ್ನ ಜೇಬಿಗೆ ಇಣುಕಿ ಬೆಲೆ ಬರೆದಂತಿತ್ತು. ಕವರು ತೆಗೆದೆ. ಯಂತ್ರ ಇಲ್ಲದಿದ್ದರೆ ಬಟ್ಟೆಯನ್ನು ಸ್ನಾನದ ತೊಟ್ಟಿಯಲ್ಲಿ ನಾನೇ ತುಳಿಯುತ್ತೇನೆ, ಸ್ವೆನ್ಯಾಳ ಬಾಯಿಗೆ ಮಾತ್ರ ಬೀಳಲಾರೆ ಎಂದುಕೊಂಡು ದುಡ್ಡು ಕೊಟ್ಟು, ಡೋರ್ಲೆ ಬರುವ ಮೊದಲೇ ಗಾಡಿ ತಳ್ಳಿಕೊಂಡು ಮನೆಗೆ ಹೊರಟೆ.

ದಾರಿಯುದ್ದಕ್ಕೂ ಗಾಡಿ ಕೀಚ್ ಕೀಚ್ ಎನ್ನುತ್ತಿತ್ತು. ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ರಿಪೇರಿ ದುಡ್ಡಿಗೆ ಏನು ಸುಳ್ಳು ಹೇಳಲಿ ಎಂದು ಲೆಕ್ಕ ಹಾಕುತ್ತಾ ಬಾಗಿಲು ತೆರೆದೆ. ಒಳಗೆ, ಪಡಸಾಲೆಯಲ್ಲಿ, ನಮ್ಮ ನೀಲಿ ಗಾಡಿ ನಿಂತಿತ್ತು. ಅದರೊಳಗೆ ವಿನ್ಸೆಂಟ್ಸ್ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಫ್ರಿಟ್ಸಿ ಉಣ್ಣೆಯ ಬೂಟು ಹಾಕಿಕೊಂಡು ದಡಬಡ ಓಡಾಡುತ್ತಿದ್ದಳು.

ಆ ಕ್ಷಣ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಅಲ್ಲೇ ಚಪ್ಪಲಿಗಳ ಮಧ್ಯೆ ಕೂತುಬಿಟ್ಟೆ.

ಡೋರ್ಲೆ ಅಡುಗೆಮನೆಯಿಂದ ಬಂದಳು. ನನ್ನನ್ನು ನೋಡಿದಳು. ನಾನು ತಂದ ಗಾಡಿಯನ್ನು ನೋಡಿದಳು.

"ಇದೇನಿದು?"

"ಮೊದಲು ಅದು ಹೇಗೆ ಬಂತು ಹೇಳು."

"ಕೊಂಡುಕೊಂಡು ಬಂದೆ! ಹೋಗಿ ನೋಡಿದ್ರೆ ನಮ್ಮ ಗಾಡಿ ಹನ್ನೆರಡು ಯೂರೋ ಚೀಟಿ ನೇತಾಡಿಸ್ಕೊಂಡು ನಿಂತಿದೆ. ಇಬ್ಬರು ಅದರ ಸುತ್ತ ಹದ್ದಿನ ಹಾಗೆ ತಿರುಗ್ತಿದಾರೆ. ದುಡ್ಡು ಕೊಡದೆ ಹೊರಗೆ ಬಿಡಲ್ಲ ಅಂದ್ರು ಶ್ವೆಂಕ್ ಮೇಡಂ. ಸರಿ, ಕೊಟ್ಟೆ. ಮನೆಗೆ ಬಂದು ಕಂಬಳಿ ಎತ್ತಿದಾಗ ಬೂಟು ಕಾಣಿಸ್ತು. ನಿನ್ನ ಘನಕಾರ್ಯ ಆಗ ಅರ್ಥ ಆಯ್ತು."

"ಒಂದು ಮಾತು ನನಗೆ ಹೇಳಬಾರ್ದಿತ್ತಾ?"

"ಸ್ವಲ್ಪ ಹೊತ್ತು ಒದ್ದಾಡಲಿ ಅಂತ ಬಿಟ್ಟೆ. ಇನ್ನೊಂದು ಗಾಡಿ ಹೊಡ್ಕೊಂಡು ಬರ್ತೀಯ ಅಂತ ಯಾರಿಗೆ ಗೊತ್ತಿತ್ತು? ಎಷ್ಟು ಕೊಟ್ಟೆ?"

ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು. ನಾನು ಮಾತು ಮರೆಸಲು ಗಲ್ಲಾಪೆಟ್ಟಿಗೆಯ ಹೆಂಗಸಿನ ಮೇಲೆ ಹರಿಹಾಯ್ದೆ.

"ಆ ಹೆಂಗಸು ನನಗೆ ಸುಳ್ಳು ಹೇಳಿದ್ಲು, ಡೋರ್ಲೆ! ಗಾಡಿ ಎರಡು ಗಂಟೆಗೆ ಮೊದಲೇ ಹೋಯ್ತು, ತಗೊಂಡವಳು ಬಸುರಿ ಅಂತ. ನಾನು ಊರಿನ ಹೊಟ್ಟೆಗಳನ್ನೆಲ್ಲ ನೋಡ್ಕೊಂಡು ಬಂದೆ!"

ಡೋರ್ಲೆ ಬಗ್ಗಿ ವಿನ್ಸೆಂಟ್ಸ್‌ನ ಕಂಬಳಿ ಸರಿಪಡಿಸಿದಳು.

"ಸುಳ್ಳಲ್ಲ," ಎಂದಳು ಆಮೇಲೆ. "ಶ್ವೆಂಕ್ ಮೇಡಂ ಆ ಹೊತ್ತಲ್ಲಿ ಸುಮ್ನೆ ಯಾರನ್ನಾದ್ರೂ ಒಳಗೆ ಬಿಡ್ತಾರಾ? ಯೋಚನೆ ಮಾಡು, ಗೆಬ್‌ಹಾರ್ಟ್."

ಯೋಚನೆ ಮಾಡಿದೆ. ನನ್ನ ತಲೆ ದೊಡ್ಡ ಮೊತ್ತಗಳನ್ನು ಬೇಗ ಕೂಡಿಸುತ್ತದೆ, ಸಣ್ಣವಕ್ಕೆ ಸ್ವಲ್ಪ ತಡ. ಎರಡಕ್ಕೆ ಒಂದು ಕೂಡಿಸಿದರೆ ಮೂರು ಎಂದು ಹೊಳೆದಾಗ ಅವಳ ಕಣ್ಣಲ್ಲಿ ನೀರಿತ್ತು.

"ಹೋದ ವಾರವೇ ಗೊತ್ತಾಯ್ತು ಕಣೋ. ಹೇಳೋಣ ಅಂತ ಬಂದ್ರೆ ನೀನು ಬಜೆಟ್ ಓದ್ತಿದ್ದೆ. ಇನ್ನೊಂದು ಖರ್ಚು ಬಂದ್ರೆ ಸರ್ಕಾರ ಉರುಳುತ್ತೆ ಅಂದೆ. ಹೆದರಿಕೆ ಆಯ್ತು. ಬಜಾರಲ್ಲಿ ಎಲ್ಲರೆದುರು ಹೇಳೋಣ, ಅಲ್ಲಾದ್ರೆ ಕಿರುಚಲ್ಲ ಅಂತ ಬೇಗ ಬಂದಿದ್ದೆ. ಗಾಡಿ ಉಳಿಸೋ ಗಡಿಬಿಡೀಲಿ ಅದೂ ಆಗ್ಲಿಲ್ಲ."

ನನಗೆ ನಾಚಿಕೆಯಾಯಿತು. ನನ್ನ ಹೆಂಡತಿ ಇಂಥ ಸುದ್ದಿಯನ್ನು ಹೇಳಲು ನನಗೆ ಹೆದರಿದಳಲ್ಲ. ಎದ್ದು ಅವಳನ್ನು ತಬ್ಬಿಕೊಂಡೆ. ನಡುವೆ ಎರಡು ಗಾಡಿಗಳಿದ್ದದ್ದರಿಂದ ಸರಿಯಾಗಿ ತಬ್ಬಿಕೊಳ್ಳಲಾಗಲಿಲ್ಲ, ಆದರೂ ತಬ್ಬಿಕೊಂಡೆ. ಸರ್ಕಾರ ಉರುಳುವುದಿಲ್ಲ, ಬೇಳೆ ಸಾರಿಗೆ ಇನ್ನೊಂದು ಲೋಟ ನೀರು ಹಾಕೋಣ ಎಂದೆ. ಅವಳು ಅಳುತ್ತಲೇ ನಕ್ಕಳು.

ಆಮೇಲೆ ಚಹಾ ಕುಡಿಯುವಾಗ (ಅವತ್ತು ಇಬ್ಬರಿಗೂ ಹೊಸ ಪೊಟ್ಟಣ) ನನ್ನ ಬುದ್ಧಿ ಮತ್ತೆ ಚುರುಕಾಯಿತು.

"ನೋಡು ಡೋರ್ಲೆ, ಒಂದು ಲೆಕ್ಕದಲ್ಲಿ ನಾನು ಮಾಡಿದ್ದೇ ಸರಿ! ಜನವರೀಲಿ ಆ ಗಾಡಿ ಸ್ವೆನ್ಯಾಗೆ ವಾಪಸ್. ನಮಗೆ ಬೇರೆ ಗಾಡಿ ಬೇಕಾಗ್ತಿತ್ತೋ ಇಲ್ವೋ? ನೂರ ನಲವತ್ತರಲ್ಲಿ ಮುಗಿಸಿದೆ. ಇದಕ್ಕೇ ದೂರದೃಷ್ಟಿ ಅನ್ನೋದು."

ಡೋರ್ಲೆ ನನ್ನನ್ನು ತುಂಬಾ ಕರುಣೆಯಿಂದ ನೋಡಿದಳು.

"ಸ್ವೆನ್ಯಾಗೆ ಬುಧವಾರವೇ ಹೇಳಿದೆ. ಅವಳ ಅತ್ತೆ ಹೊಸ ಗಾಡಿ ಕೊಡಿಸ್ತಿದಾರಂತೆ. ಹಳೇದನ್ನ ನೀವೇ ಇಟ್ಕೊಳ್ಳಿ ಅಂದ್ಲು."

"ಬುಧವಾರ? ಹಾಗಾದ್ರೆ ಇನ್ಯಾರಿಗೆಲ್ಲ ಗೊತ್ತು?"

"ಅಮ್ಮಂಗೆ. ಶ್ವೆಂಕ್ ಮೇಡಂಗೆ. ಬಾಗಿಲಲ್ಲಿ ಕ್ಯೂ ನಿಂತಿದ್ರಲ್ಲ, ಅವರಿಗೆಲ್ಲ. ಫ್ರಿಟ್ಸಿ ಶಿಶುವಿಹಾರದಲ್ಲಿ ಹೇಳಿದಾಳೆ ಅಂತ ಕಾಣುತ್ತೆ."

ಹಾಗಾಗಿ ಈಗ ನಮ್ಮ ಪಡಸಾಲೆಯಲ್ಲಿ ಎರಡು ನೀಲಿ ಗಾಡಿಗಳಿವೆ. ಮನೆಯೊಳಗೆ ಬರಬೇಕಾದರೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡಲಾಗಿ ನುಸುಳಬೇಕು. ಬರುವ ಮಾರ್ಚ್ ತಿಂಗಳ ಬಜಾರಿನಲ್ಲಿ ಒಂದನ್ನು ಮಾರುವುದೆಂದು ತೀರ್ಮಾನವಾಗಿದೆ. ನಾನೇ ಮುಂದೆ ನಿಂತು ಒಳ್ಳೆಯ ಬೆಲೆಗೆ ಮಾರಿಕೊಡುತ್ತೇನೆ ಎಂದೆ. ಡೋರ್ಲೆ ಫೋನು ಎತ್ತಿ ಶ್ವೆಂಕ್ ಮೇಡಂ ಜೊತೆ ಸ್ವಲ್ಪ ಹೊತ್ತು ಮಾತಾಡಿದಳು. ಅವತ್ತು ನಾನು ಕೇಕು ಕಳಿಸಿಕೊಟ್ಟರೆ ಸಾಕಂತೆ, ಬರಬೇಕಾಗಿಲ್ಲವಂತೆ.