ಮಾವ್ಶಿಯ ದೊಡ್ಡ ಗಂಟಲು

ನಮ್ಮ ಮಾವ್ಶಿಗೆ ಗುಟ್ಟು ಹೇಳುವುದೂ ಒಂದೇ, ಉಪ್ಪಳ ಪೇಟೆಯಲ್ಲಿ ಮೈಕು ಕಟ್ಟಿಸುವುದೂ ಒಂದೇ! ಮಾವ್ಶಿ ಎಂದರೆ ಅಮ್ಮನ ಅಕ್ಕ. ವಯಸ್ಸು ಎಪ್ಪತ್ತರ ಹತ್ತಿರ, ಗಂಟಲಿಗೆ ಮಾತ್ರ ಇನ್ನೂ ಇಪ್ಪತ್ತು. ಒಮ್ಮೆ ಮಂಗಳೂರು ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು, ಹಿಂದೆ ನಿಂತಿದ್ದ ನನ್ನ ಮೂಲವ್ಯಾಧಿ ಹೇಗಿದೆಯೆಂದು ವಿಚಾರಿಸಿದರು. ತಲಪಾಡಿ ಬರುವಷ್ಟರಲ್ಲಿ ಕಂಡಕ್ಟರನೂ ಸೇರಿ ಅರ್ಧ ಬಸ್ಸು ನನಗೆ ಮದ್ದು ಹೇಳಿತ್ತು.

ಇಂಥವರನ್ನು ಯಾರಾದರೂ ಎಚ್‌ಐವಿ ತಡೆಯುವ ಕೆಲಸಕ್ಕೆ ಸೇರಿಸುತ್ತಾರೆಯೇ? ಸೇರಿಸಿದರು! ಇಗರ್ಜಿಯ ಸ್ತ್ರೀಸಂಘ, ಬೀಡಿ ಕಟ್ಟುವವರ ಸಂಘ, ಬ್ಯಾರಿ ಹೆಂಗಸರ ಹೊಲಿಗೆ ಸಂಘ, ಮೂರೂ ಒಟ್ಟಾಗಿದ್ದವು. ಗಂಡ ಬಿಟ್ಟುಹೋದವರು, ಹೊಟ್ಟೆಪಾಡಿಗೆ ಹೆದ್ದಾರಿಯ ಲಾಡ್ಜುಗಳಿಗೆ ಹೋಗುವವರು, ಇಂಥವರೊಡನೆ ಮೆತ್ತಗೆ ಮಾತಾಡಿ ಪರೀಕ್ಷೆಗೆ ಒಪ್ಪಿಸಬೇಕು. ಮೆತ್ತಗೆ! ಇಗರ್ಜಿಯ ಸಭಾಭವನದಲ್ಲಿ ತರಬೇತಿ ನಡೆದಾಗ ಮಾವ್ಶಿ ಕಾಂಡೋಮ್ ಪೊಟ್ಟಣವನ್ನು ಎತ್ತಿ ಹಿಡಿದು ವಿವರಿಸುತ್ತಿದ್ದರಂತೆ. ಪಾದ್ರಿಗಳು ಇಣುಕಿದರು. ಬನ್ನಿ ಫಾದರ್, ಕೂತುಕೊಳ್ಳಿ ಎಂದು ಇವರು ಕುರ್ಚಿ ಎಳೆದರು. ಫಾದರಿಗೆ ಆಗಲೇ ಒಂದು ಶವಸಂಸ್ಕಾರ ನೆನಪಾಯಿತು. ಅಂದು ಊರಿನಲ್ಲಿ ಯಾರೂ ಸತ್ತಿರಲಿಲ್ಲ.

ಆದರೆ ಕೆಲಸ ಒಬ್ಬಳ ವಿಷಯದಲ್ಲಿ ನಿಂತುಹೋಯಿತು. ಅವಳಿಗೆ ಜ್ವರ ಬಿಡುತ್ತಿರಲಿಲ್ಲ, ಮನೆಯಲ್ಲಿ ಸಣ್ಣ ಮಗು. ರೋಗವಿದ್ದರೆ ಬೇಗ ಮದ್ದು ಶುರುಮಾಡಬೇಕು. ಅವಳೋ ಸರಕಾರಿ ಆಸ್ಪತ್ರೆಯ ಗೇಟಿನವರೆಗೆ ಬಂದು, ಒಳಗೆ ಪರಿಚಯದ ಮುಖ ಕಂಡರೆ ತಿರುಗಿ ಹೋಗುತ್ತಿದ್ದಳು. ಜೊತೆಗೆ ಸಂಘದವರು ಹೋದರೆ ಇನ್ನೂ ಕಷ್ಟ, ನೋಡಿದವರಿಗೆ ಬೇಗ ಅರ್ಥವಾಗುತ್ತದೆ.

ಮಾವ್ಶಿ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಬಾಗಿಲಲ್ಲೇ ನಿಂತರು.

"ಬುಧವಾರ ನಾನು ಎಚ್‌ಐವಿ ಪರೀಕ್ಷೆಗೆ ಹೋಗುವುದುಂಟು. ಯಾರೆಲ್ಲ ಬರ್ತೀರಿ?"

ಈ ಪ್ರಾಯದಲ್ಲಿ ಇವರಿಗೆ ಎಂತ ಆಯಿತೆಂದು ಊರೆಲ್ಲ ಕೇಳಿತು. ನನ್ನ ಅಮ್ಮ ನಾಚಿಕೆಯಿಂದ ಮೀನಿನ ಮಾರ್ಕೆಟಿಗೆ ಹೋಗುವುದನ್ನೇ ಬಿಟ್ಟರು. ಆದರೆ ಬುಧವಾರ ಬಸ್ಸು ತುಂಬಿತು! ಸ್ತ್ರೀಸಂಘದ ಅಜ್ಜಿಯರು, ಬೀಡಿ ಕಟ್ಟುವ ಅಕ್ಕಂದಿರು, ಬುರ್ಖಾ ತೊಟ್ಟ ಹೊಲಿಗೆಯವರು, ಇಡ್ಲಿಯಂಥ ಸಣ್ಣಗಳ ಬುಟ್ಟಿ ಹೊತ್ತ ನಾನು. ದಾರಿಯಲ್ಲಿ ಎಲ್ಲಿಗೆಂದು ಕೇಳಿದವರಿಗೆಲ್ಲ ಮಾವ್ಶಿ ಕಿಟಕಿಯಿಂದ ತಲೆ ಹೊರಹಾಕಿ ಉತ್ತರ ಕೊಟ್ಟರು, ಬರುವಂತೆ ಕರೆದರು. ಆಸ್ಪತ್ರೆಯಲ್ಲಿ ಸಾಲು ಗೇಟಿನವರೆಗೆ ಬೆಳೆಯಿತು. ನಾನೂ ತೋಳು ಚಾಚಿದೆ, ಸೂಜಿ ಕಂಡು ಕಣ್ಣು ಮುಚ್ಚಿದೆ, ಇಡೀ ಸಾಲು ನಕ್ಕಿತು. ಫಲಿತಾಂಶವನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳಿದರು. ಅಷ್ಟು ಹೆಂಗಸರ ನಡುವೆ ಯಾರತ್ತ ಎಂದು ಬೆರಳು ತೋರಿಸುವುದು?

ಕೆಲವು ತಿಂಗಳ ನಂತರ ಅವರ ಅಡಿಗೆಮನೆಯಲ್ಲಿ ಊಟಕ್ಕೆ ಕುಳಿತಾಗ ಕೇಳಿದೆ. "ಆ ಹೆಂಗಸು ಅವತ್ತು ಬಂದಿದ್ದಳಾ ಮಾವ್ಶಿ?"

"ಬಂದಿದ್ದಳು. ಮದ್ದು ತಗೊಳ್ತಾ ಇದ್ದಾಳೆ. ಈಗ ಮೈ ತುಂಬಿಕೊಂಡಿದ್ದಾಳೆ."

"ಯಾರು ಅದು?"

ಮಾವ್ಶಿ ನನ್ನ ತಟ್ಟೆಗೆ ಇನ್ನೊಂದು ಸಣ್ಣ ಹಾಕಿದರು. "ತಿನ್ನು ಪುತಾ, ತಣಿದು ಹೋಗ್ತದೆ."

ಪೀಡಿಸಿದೆ, ಪುಸಲಾಯಿಸಿದೆ. ಪಕ್ಕದ ಮನೆಯ ನಾಯಿಗೆ ಅಜೀರ್ಣವಾದರೂ ಸಾರುವ ಆ ಗಂಟಲು ಅಲ್ಲಾಡಲಿಲ್ಲ. ಅವರ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಅಂದು ಆಸ್ಪತ್ರೆಯ ಸಾಲಿನಲ್ಲಿ ನನ್ನನ್ನು ಕಂಡು ನಕ್ಕವರಲ್ಲಿ ಅವಳೂ ಇದ್ದಳು. ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.