ಚೆಕಪ್ಪಿಗೆ ಚಕ್ಕರ್ ಹೊಡೆದ ಅತ್ತೆ-ಅಳಿಯ

ಅತ್ತೆ ತನ್ನನ್ನು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದು ಡ್ರೈವಿಂಗ್ ಮೇಷ್ಟ್ರ ಬಹುಕಾಲದ ದೂರು. ಮದುವೆಯಾದ ಹೊಸದರಲ್ಲಿ ಅದು ಬರೀ ಅನುಮಾನವಾಗಿತ್ತು. ಅತ್ತೆ ಬಂದು ಇವರ ಮನೆಯಲ್ಲೇ ನೆಲೆಸಿದ ಮೇಲೆ ಅನುಮಾನ ಗಟ್ಟಿಯಾಯಿತು. ಈಚೆಗಂತೂ ಸಾಕ್ಷ್ಯಾಧಾರ ಸಮೇತ ರುಜುವಾತಾಗಿತ್ತು. ಊಟದ ಮೇಜಿನಲ್ಲಿ ಪಕ್ಕದಲ್ಲೇ ಕೂತು ಬಿಸ್ಕತ್ತಿನ ತಟ್ಟೆ ಚಾಚಿದರೆ ಅತ್ತೆ ನೆಟ್ಟಗೆ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ಸೋಫಾದಲ್ಲಿ ಪಕ್ಕಕ್ಕೆ ತಿರುಗಿ ಹಲ್ಲೆಲ್ಲ ಕಾಣುವಂತೆ ನಕ್ಕರೂ ಅಷ್ಟೆ, ಕಲ್ಲಾದರೂ ಕರಗೀತು, ಅತ್ತೆ ಕರಗುತ್ತಿರಲಿಲ್ಲ. ಮೊನ್ನೆ ಹಜಾರದಲ್ಲಿ ಭುಜಕ್ಕೆ ಭುಜ ಡಿಕ್ಕಿ ಹೊಡೆದು, "ಯಾರದು?" ಎಂದು ಬೇರೆ ಕೇಳಿದ್ದರು. (ಅದೇ ಮನೆಯ ಯಜಮಾನ! ಯಾರದು ಅಂದರೆ?)

"ನಿಮ್ಮಮ್ಮನಿಗೆ ನಾನು ಅಂದ್ರೆ ಅಷ್ಟು ಸಸಾರ ಕಣೇ," ಎಂದು ಮೇಷ್ಟ್ರು ಹೆಂಡತಿಯ ಮುಂದೆ ಮುಖ ಊದಿಸಿಕೊಂಡರು.

"ಅಮ್ಮನಿಗೆ ಯಾರೂ ಸಸಾರ ಅಲ್ಲ ರೀ. ಅವರ ಪಾಡಿಗೆ ಅವರಿರ್ತಾರೆ. ನೀವು ಸುಮ್ನೆ ಏನೇನೋ ಕಲ್ಪಿಸ್ಕೊಳ್ತೀರಿ," ಎಂದರು ಹೆಂಡತಿ, ಯಾರದೋ ಉತ್ತರಪತ್ರಿಕೆಯ ಮೇಲೆ ಕೆಂಪು ಸೊನ್ನೆ ಸುತ್ತುತ್ತಾ.

ಹೆಂಡತಿ ಶಾಲೆಯೊಂದರ ಹೆಡ್‌ಮೇಡಂ. ಸಂಜೆ ಶಾಲೆ ಬಿಟ್ಟರೂ ಅವರ ಅಧಿಕಾರ ಬಿಡುತ್ತಿರಲಿಲ್ಲ. ಅತ್ತೆಯೇನು ಕಡಿಮೆಯೆ? ಸಿನಿಮಾ ಟಾಕೀಸಿನ ಟಿಕೆಟ್ ಕಿಟಕಿಯ ಹಿಂದೆ ಕೂತು ಆಯಸ್ಸು ಸವೆಸಿದವರು. ಇಷ್ಟವಿಲ್ಲದ ಮಾತು ಬಂದರೆ ಈಗಲೂ "ಹೌಸ್‌ಫುಲ್!" ಎಂದು ಕೈ ಅಡ್ಡ ಆಡಿಸಿಬಿಡುತ್ತಿದ್ದರು. ಆಮೇಲೆ ಬ್ರಹ್ಮನೇ ಬಂದರೂ ಕಿಟಕಿ ತೆರೆಯುತ್ತಿರಲಿಲ್ಲ. ಹಗಲೆಲ್ಲ ಕಲಿಯುವವರ ಪಕ್ಕದಲ್ಲಿ ಕೂತು "ಬ್ರೇಕ್! ಬ್ರೇಕ್ ಒತ್ತಿ!" ಎಂದು ಗರ್ಜಿಸುವ ಮೇಷ್ಟ್ರು ಈ ಇಬ್ಬರ ನಡುವೆ ನ್ಯೂಟ್ರಲ್ಲಿನಲ್ಲೇ ಬದುಕುತ್ತಿದ್ದರು.

ಹೀಗಿರುವಾಗ ಹೆಡ್‌ಮೇಡಂ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಪಾಠ ಮಾಡುತ್ತಲೇ ಕುಸಿದುಬಿದ್ದರು. ಬಿ.ಪಿ. ಎಷ್ಟೋ ಕಾಲದಿಂದ ಮೇಲೇರಿ ಕೂತಿತ್ತಂತೆ, ಅವರಿಗೇ ಗೊತ್ತಿರಲಿಲ್ಲ. ಈಗ ಚಿತ್ರ ಬರೆಯುವ ಕೈಯೇ ಏಳುತ್ತಿರಲಿಲ್ಲ. ಅವರನ್ನು ನೋಡಿಬಂದ ದಿನ ಹೆಡ್‌ಮೇಡಂ ಕೈಚೀಲವನ್ನೂ ಕೆಳಗಿಡದೆ ಆಜ್ಞೆ ಹೊರಡಿಸಿದರು.

"ಶನಿವಾರ ಬೆಳಗ್ಗೆ ನೀವಿಬ್ಬರೂ ಆಸ್ಪತ್ರೆಗೆ ಹೋಗಿ ಪೂರ್ತಿ ಚೆಕಪ್ ಮಾಡಿಸ್ಕೊಂಡು ಬರಬೇಕು. ನಂದು ಹೋದ ತಿಂಗಳೇ ಆಯ್ತು. ಹೆಸರು ಬರೆಸಿದೀನಿ. ಖಾಲಿ ಹೊಟ್ಟೇಲಿ ಹೋಗಿ."

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ," ಎಂದರು ಮೇಷ್ಟ್ರು.

"ಡ್ರಾಯಿಂಗ್ ಮೇಷ್ಟ್ರೂ ಹಾಗೇ ಇದ್ರು."

"ಏನಾದ್ರೂ ನೋವಾದ್ರೆ ನಾನೇ ಬಾಯಿಬಿಟ್ಟು ಹೇಳ್ತೀನಲ್ಲ!"

"ನೀವೇನೋ ಹೇಳ್ತೀರಿ, ಊರಿಗೆಲ್ಲಾ ಕೇಳೋ ಹಾಗೆ ಹೇಳ್ತೀರಿ. ಬಿ.ಪಿ. ಹೇಳಬೇಕಲ್ಲ? ಸಕ್ಕರೆ ಹೇಳಬೇಕಲ್ಲ? ಅವು ತೆಪ್ಪಗೆ ಒಳಗೇ ಕೂತಿರ್ತವೆ ರೀ."

ಮೇಷ್ಟ್ರ ನಿಜವಾದ ಸಂಕಟ ಬೇರೆಯೇ ಇತ್ತು. ಲಾರಿಗೆ ಹೆದರದ, ತಿರುವಿನಲ್ಲಿ ಕಣ್ಣುಮುಚ್ಚುವ ಶಿಷ್ಯರಿಗೂ ಹೆದರದ ಆ ಪುರುಷಸಿಂಹ ಸೂಜಿಗೆ ಹೆದರುತ್ತಿದ್ದರು. ಅದೂ ಹೊಲಿಗೆ ಸೂಜಿಗೂ. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಅತ್ತೆ ತಮ್ಮ ವಾದ ಮಂಡಿಸಿದರು: "ಈ ವಯಸ್ಸಲ್ಲಿ ಹುಡುಕಿದ್ರೆ ಏನಾದ್ರೂ ಒಂದು ಸಿಕ್ಕೇ ಸಿಗುತ್ತೆ. ಅದಕ್ಕೇ ಹುಡುಕಬಾರದು. ಹೌಸ್‌ಫುಲ್!"

"ಅಮ್ಮಾ," ಎಂದರು ಹೆಡ್‌ಮೇಡಂ. ಒಂದೇ ಪದ. ಕಿಟಕಿ ತೆರೆಯಿತು.

ಶನಿವಾರ ಹೆಡ್‌ಮೇಡಂಗೆ ಶಾಲೆಯಿತ್ತು. ಅತ್ತೆ-ಅಳಿಯ ಇಬ್ಬರೇ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಹೊರಟರು. ಆಸ್ಪತ್ರೆಯ ಗೇಟಿನ ಮುಂದೆ ಕಾರು ನಿಂತಿತು. ಇಬ್ಬರೂ ಇಳಿಯಲಿಲ್ಲ.

"ಅಳಿಯಂದ್ರೇ, ಒಳಗೆ ಬಹಳ ರಶ್ಶು ಇರೋ ಹಾಗಿದೆ," ಎಂದರು ಅತ್ತೆ ಮೆಲ್ಲಗೆ.

ಮೇಷ್ಟ್ರು ಒಳಗೆ ಇಣುಕಿದರು. ಆಕಳಿಸುತ್ತಿದ್ದ ಕಾವಲುಗಾರ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಹೌದು ಅತ್ತೆ. ಕಾಲಿಡೋಕೂ ಜಾಗ ಇಲ್ಲ," ಎಂದರು.

ಗೇರು ಬಿತ್ತು. ಅಲ್ಲಿಂದ ಕಾರು ನಿಂತದ್ದು ಬೇಕರಿಯ ಮುಂದೆ. ಹೆಡ್‌ಮೇಡಂ ಗಂಡನೂ ಹೆಡ್‌ಮೇಡಂ ತಾಯಿಯೂ ಚಕ್ಕರ್ ಹೊಡೆದ ಶಾಲಾಮಕ್ಕಳ ಹಾಗೆ ಮೂಲೆಯ ಮೇಜು ಹಿಡಿದು ಎದುರುಬದುರು ಕೂತು ಬನ್ನು ತಿಂದರು, ಕೇಕು ತಿಂದರು, ಕಾಫಿ ಕುಡಿದರು. ಮತ್ತೆ ಕೇಕು ತಿಂದರು. ಟಿಕೆಟ್ಟಿಗಾಗಿ ಕಿಟಕಿಯೊಳಗೆ ಕೈ ತೂರಿಸಿದ ಮದುಮಗನೊಬ್ಬ ಕೈ ಸಿಕ್ಕಿಹಾಕಿಕೊಂಡು ಇಂಟರ್‌ವಲ್‌ವರೆಗೂ ಅಲ್ಲೇ ನಿಂತ ಕಥೆಯನ್ನು ಅತ್ತೆ ಹೇಳಿದಾಗ ಮೇಷ್ಟ್ರು ನಕ್ಕೂ ನಕ್ಕೂ ಕಾಫಿ ಮೂಗಿಗೆ ಹತ್ತಿಸಿಕೊಂಡರು. ಇಷ್ಟು ಚೆನ್ನಾಗಿ ಮಾತಾಡುವ ಹೆಂಗಸು ಮನೆಯಲ್ಲಿ ನನ್ನತ್ತ ಯಾಕೆ ತಿರುಗಿಯೂ ನೋಡುವುದಿಲ್ಲ ಎಂದು ಒಳಗೊಳಗೇ ಬೇಸರವೂ ಆಯಿತು.

"ನನಗೂ ಕಾರು ಕಲೀಬೇಕು ಅಂತ ಬಹಳ ಆಸೆ ಇತ್ತು," ಎಂದರು ಅತ್ತೆ, ಕೇಕಿನ ಪುಡಿ ಒರೆಸಿಕೊಳ್ಳುತ್ತಾ. "ಆಗೋದೇ ಇಲ್ಲ ಬಿಡಿ ಇನ್ನು."

ಹೊಟ್ಟೆ ತುಂಬಿದ ಮನುಷ್ಯ ಉದಾರಿಯಾಗುತ್ತಾನೆ. "ಯಾಕಾಗಲ್ಲ? ನಡೀರಿ!" ಎಂದರು ಮೇಷ್ಟ್ರು.

ಅವರು ಪಾಠ ಹೇಳುವ ಮೈದಾನ ಖಾಲಿಯಿತ್ತು. ಎರಡೂ ಕಡೆ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅತ್ತೆ ಸ್ಟಿಯರಿಂಗ್ ಹಿಡಿದು ಮಹಾರಾಣಿಯ ಹಾಗೆ ಕೂತರು. ಮೇಷ್ಟ್ರು ತಮ್ಮ ಎಂದಿನ ಎಡಗಡೆ ಸೀಟಿನಲ್ಲಿ, ತಮ್ಮ ಪಾಲಿನ ಬ್ರೇಕಿನ ಮೇಲೆ ಕಾಲಿಟ್ಟು ಕೂತರು. ಕಾರು ಆಮೆಯ ಹಾಗೆ ಹೊರಟಿತು. ಬಲಗಡೆಯ ಒಂದು ಡ್ರಮ್ಮಿಗೂ ಸೋಕಲಿಲ್ಲ. ಎಡಗಡೆಯದು ಢಂ ಎಂದು ಬಿತ್ತು. ಅದರ ಮುಂದಿನದೂ ಢಂ.

"ಅತ್ತೆ, ಎಡಗಡೆ ಡ್ರಮ್ಮು!"

"ಎಲ್ಲಿ? ಯಾವ ಡ್ರಮ್ಮು?"

ಮೂರನೆಯದೂ ಬಿತ್ತು. ಮೇಷ್ಟ್ರು ಬ್ರೇಕು ಒತ್ತಿದರು. ಅವರಿಗೆ ಏನೋ ಅನುಮಾನ ಬಂತು. "ಅತ್ತೆ, ನೇರ ಮುಂದೆ ನೋಡ್ತಾ ಇರಿ. ತಲೆ ತಿರುಗಿಸಬೇಡಿ," ಎಂದು ಡ್ಯಾಶ್‌ಬೋರ್ಡಿನವರೆಗೂ ಬಾಗಿ, ಮುಖವನ್ನು ಅವರತ್ತ ತಿರುಗಿಸಿ, ಬೇರೇನೂ ಹೊಳೆಯದೆ ನಾಲಗೆ ಹೊರಚಾಚಿದರು. ಮದುವೆಯಾದಂದಿನಿಂದ ಅತ್ತೆಗೆ ನಾಲಗೆ ತೋರಿಸಬೇಕೆಂದು ಎಷ್ಟು ಸಲ ಅನ್ನಿಸಿತ್ತೋ! ಅದು ಹೀಗೆ ಕೈಗೂಡೀತೆಂದು ಎಣಿಸಿರಲಿಲ್ಲ.

"ನಾನೀಗ ಏನು ಮಾಡ್ತಾ ಇದೀನಿ?" ಎಂದು ತೊದಲಿದರು.

"ಏನು ಮಾಡ್ತಿದೀರಿ? ಸುಮ್ನೆ ಕೂತಿದೀರಿ."

ಮೇಷ್ಟ್ರಿಗೆ ನಾಲಗೆ ಒಳಗೆಳೆದುಕೊಳ್ಳುವುದೇ ಮರೆತುಹೋಯಿತು. ಬಿಸ್ಕತ್ತಿನ ತಟ್ಟೆ, ಸೋಫಾದ ನಗು, ಹಜಾರದ ಡಿಕ್ಕಿ ಎಲ್ಲವೂ ಅತ್ತೆಯ ಎಡಗಡೆಯಲ್ಲೇ ನಡೆದದ್ದು. ಅತ್ತೆ ಅಸಡ್ಡೆ ಮಾಡಿರಲಿಲ್ಲ. ಅತ್ತೆಗೆ ಕಂಡೇ ಇರಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸಿನ ಕಣ್ಣು ಮಸುಕಾಗುತ್ತಿದ್ದರೆ ತಾನು ಮುಖ ಊದಿಸಿಕೊಂಡು ಓಡಾಡಿದೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು.

"ಅತ್ತೆ, ಆಸ್ಪತ್ರೆಗೆ ಹೋಗೋಣ."

"ಹೌಸ್‌ಫುಲ್," ಎಂದರು ಅತ್ತೆ. ಆದರೆ ಆ ದನಿಯಲ್ಲಿ ಎಂದಿನ ಠೀವಿ ಇರಲಿಲ್ಲ. ಸ್ಟಿಯರಿಂಗನ್ನು ಸವರುತ್ತಾ, "ನನಗೆ ಅನುಮಾನ ಬಂದು ಬಹಳ ದಿನ ಆಯ್ತು," ಎಂದರು. "ನಮ್ಮಕ್ಕನಿಗೂ ಹೀಗೇ ಆಗಿತ್ತು. ಕೊನೇ ಕಾಲದಲ್ಲಿ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗೋಳು. ಹೇಳಿದ್ರೆ ನನ್ನ ಮಗಳು ನನ್ನನ್ನ ಒಬ್ಬಳೇ ಹೊರಗೆ ಕಳಿಸಲ್ಲ. ಕಾಣೋಷ್ಟು ದಿನ ಕಾಣಲಿ ಅಂತ ಸುಮ್ನಿದ್ದೆ."

"ಡಾಕ್ಟ್ರು ಏನಂತಾರೋ ಕೇಳೋಣ ಅತ್ತೆ. ನಾನಿರ್ತೀನಿ ಜೊತೇಲಿ."

"ನೀವಾ? ಬೆಳಗ್ಗೆ ಗೇಟ್ ನೋಡಿ ಬೆವೆತಿದ್ದು ನೀವೇ ಅಲ್ವಾ?" ಅತ್ತೆ ಕಣ್ಣೊರೆಸಿಕೊಂಡರು. "ಆಯ್ತು. ಮೊದಲು ನೀವು ಸೂಜಿ ಚುಚ್ಚಿಸ್ಕೊಳ್ಳಿ. ಆಮೇಲೆ ನಾನು ಕಣ್ಣು ತೋರಿಸ್ತೀನಿ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಆದರೂ ಸೀಟು ಬದಲಾಯಿಸಿಕೊಂಡು ಕಾರು ತಿರುಗಿಸಿದರು.

ರಕ್ತ ತೆಗೆಯುವ ಕೋಣೆಯಲ್ಲಿ ನರ್ಸಮ್ಮ ಕೇಳಿದರು: "ಏನೂ ತಿಂದಿಲ್ಲ ತಾನೆ?"

"ಛೆ ಛೆ, ಇಲ್ಲ," ಎಂದರು ಮೇಷ್ಟ್ರು.

"ಎರಡು ಕೇಕು, ಒಂದು ಬನ್ನು, ಕಾಫಿಗೆ ಮೂರು ಚಮಚ ಸಕ್ಕರೆ," ಎಂದರು ಪಕ್ಕದಲ್ಲಿದ್ದ ಅತ್ತೆ. (ಬೇಕರಿಯಲ್ಲಿ ನೇರ ಎದುರಿಗಿದ್ದದ್ದು ಅವರಿಗೆ ಬಹಳ ಚೆನ್ನಾಗಿ ಕಾಣುತ್ತಿತ್ತು.)

"ಪರವಾಗಿಲ್ಲ, ಈಗೊಂದು ನೋಡ್ತೀನಿ. ನಾಳಿದ್ದು ಖಾಲಿ ಹೊಟ್ಟೇಲಿ ಇನ್ನೊಂದು ಸಲ ಬನ್ನಿ," ಎಂದರು ನರ್ಸಮ್ಮ. ಇನ್ನೊಂದು ಸಲ ಎಂಬ ಮಾತು ಕಿವಿಗೆ ಬಿದ್ದದ್ದಷ್ಟೇ ಮೇಷ್ಟ್ರಿಗೆ ನೆನಪು. ಬೆಳಗ್ಗೆ ಇವರು ಚೆಕಪ್ಪಿಗೆ ಚಕ್ಕರ್ ಹೊಡೆದಿದ್ದರೆ, ಈಗ ಇವರ ತಲೆಯೇ ಚಕ್ಕರ್ ಹೊಡೆಯಿತು. ಕಣ್ಣು ಬಿಟ್ಟಾಗ ಮಂಚದ ಮೇಲಿದ್ದರು. ಅತ್ತೆ ಸೆರಗಿನಿಂದ ಗಾಳಿ ಹಾಕುತ್ತಾ, "ಆಗೋಯ್ತು ಕಂದಾ, ಆಗೋಯ್ತು," ಎನ್ನುತ್ತಿದ್ದರು. ಅಳಿಯಂದ್ರೇ ಎನ್ನುವುದನ್ನು ಬಿಟ್ಟು ಅತ್ತೆ ಬೇರೇನಾದರೂ ಕರೆದದ್ದು ಅದೇ ಮೊದಲು. ಮೇಷ್ಟ್ರು ಬೇಕೆಂದೇ ಇನ್ನೊಂದಿಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಮಲಗಿದರು.

ಕಣ್ಣಿನ ಡಾಕ್ಟರಮ್ಮ ಅತ್ತೆಯನ್ನು ಯಂತ್ರದ ಮುಂದೆ ಕೂರಿಸಿ ಬಹಳ ಹೊತ್ತು ನೋಡಿದರು. ಮೇಷ್ಟ್ರು ಅತ್ತೆಯ ಕೈ ಹಿಡಿದೇ ಇದ್ದರು.

"ಕಣ್ಣಿನ ಒಳಗೆ ಒತ್ತಡ ಜಾಸ್ತಿ ಇದೆ, ಗ್ಲಾಕೋಮ ಅಂತೀವಿ. ನೋವಿರಲ್ಲ, ಅದಕ್ಕೇ ಗೊತ್ತಾಗಲ್ಲ," ಎಂದರು ಡಾಕ್ಟರಮ್ಮ. "ಎಡಗಣ್ಣಲ್ಲಿ ಪಕ್ಕದ ನೋಟ ಬಹಳಷ್ಟು ಹೋಗಿದೆ ಅಮ್ಮ. ಅದು ವಾಪಸ್ ಬರಲ್ಲ. ಬಲಗಣ್ಣಿಗೆ ಈಗಷ್ಟೇ ಶುರುವಾಗಿದೆ. ತಪ್ಪದೆ ಡ್ರಾಪ್ಸ್ ಹಾಕ್ಕೊಂಡು, ಹೇಳಿದಾಗೆಲ್ಲ ಬಂದು ತೋರಿಸಿದ್ರೆ ಉಳಿದಿದ್ದನ್ನ ಉಳಿಸ್ಕೊಳ್ಳಬಹುದು. ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು. ನಿಮ್ಮ ಮನೇಲಿ ಈ ತೊಂದರೆ ಇದೆ ಅಂದ್ರಲ್ಲ, ಮಗಳಿಗೂ ಕಣ್ಣು ತೋರಿಸೋಕೆ ಹೇಳಿ."

"ಹಾಗಾದ್ರೆ ಗೋಡೆ ತಡವೋದು ಬೇಡವಾ?" ಎಂದು ಅತ್ತೆ ಮಗುವಿನ ಹಾಗೆ ಕೇಳಿದರು.

"ಡ್ರಾಪ್ಸ್ ಬಿಡದೇ ಇದ್ರೆ ಬಹುಶಃ ಬೇಕಾಗಲ್ಲ."

ಅತ್ತೆಯ ಹಿಡಿತ ಸಡಿಲವಾಯಿತು. ಮೇಷ್ಟ್ರು ಮುಖ ತಿರುಗಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಒಂದೂ ಸರಿಯಾಗಿ ಕಾಣಿಸುತ್ತಿರಲಿಲ್ಲ, ನೀರು ತುಂಬಿಕೊಂಡಿತ್ತು.

ಇನ್ನು ಮನೆಗೆ ವೀರನಂತೆ ಮರಳುವುದು ಎಂದುಕೊಳ್ಳುವಷ್ಟರಲ್ಲಿ ದೊಡ್ಡ ಡಾಕ್ಟರು ಕರೆಸಿದರು. ಮೇಷ್ಟ್ರ ಬಿ.ಪಿ. ಏರಿತ್ತು. ಸೂಜಿಯ ಹೆದರಿಕೆಗೆ ಏರಿರಬಹುದೆಂದು ಬೇರೆ ದಿನಗಳಲ್ಲೂ ನೋಡಿದರು, ಇಳಿದಿರಲಿಲ್ಲ. ಖಾಲಿ ಹೊಟ್ಟೆಯ ಸಕ್ಕರೆಯೂ ಗಡಿಯ ಬೇಲಿ ಹತ್ತಿ ಆಚೆ ಇಣುಕುತ್ತಿತ್ತು. "ಒಳ್ಳೇ ಹೊತ್ತಿಗೆ ಸಿಕ್ಕಿದೀರಿ," ಎಂದರು ಡಾಕ್ಟರು. ಬೆಳಗ್ಗೆ ಒಂದು ಮಾತ್ರೆ, ಉಪ್ಪು ಕಡಿಮೆ, ಸಿಹಿ ಕಡಿಮೆ, ದಿನಾ ನಡಿಗೆ.

ಆ ಶನಿವಾರ ಮನೆಗೆ ಬಂದ ಹೆಡ್‌ಮೇಡಂ ಡ್ರಮ್ಮು ಬಿದ್ದದ್ದರಿಂದ ಹಿಡಿದು ಡಾಕ್ಟರಮ್ಮ ಹೇಳಿದ್ದರವರೆಗೆ ಕೇಳಿ, ಅಮ್ಮನನ್ನು ತಬ್ಬಿಕೊಂಡು ಅತ್ತು, ಗಂಡನ ಕಡೆ ತಿರುಗಿ, "ನೀವಿಲ್ಲದಿದ್ರೆ ಗೊತ್ತೇ ಆಗ್ತಿರಲಿಲ್ಲ ರೀ," ಎಂದು ಮೂಗೊರೆಸಿಕೊಂಡರು. ಮೇಷ್ಟ್ರ ಎದೆ ಉಬ್ಬಿತು. ಆಮೇಲೆ ಹೆಡ್‌ಮೇಡಂ ಕೇಳಿದರು: "ಅಲ್ಲ, ಚೆಕಪ್ಪಿಗೆ ಅಂತ ಹೋದವರು ಮೈದಾನಕ್ಕೆ ಯಾಕೆ ಹೋದ್ರಿ?" ಅತ್ತೆ-ಅಳಿಯ ಇಬ್ಬರೂ ತಲೆ ತಗ್ಗಿಸಿ ನಿಂತರು.

ಶಿಕ್ಷೆ ಅಂದೇ ಜಾರಿಗೆ ಬಂತು. ಸಂಜೆ ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕುವುದು ಮೇಷ್ಟ್ರ ಕೆಲಸ. ಮೇಷ್ಟ್ರನ್ನು ನಡೆಸುವುದು ಅತ್ತೆಯ ಕೆಲಸ. ಬೀದಿಯ ತುದಿಗೂ ಕಾರಿನಲ್ಲೇ ಹೋಗುತ್ತಿದ್ದ ಮನುಷ್ಯ ಈಗ ಅತ್ತೆಯ ಎಡಗಡೆ, ಅವರಿಗೆ ಕಾಣದ ಕಡೆಗೆ ಕಾವಲಾಗಿ, ಕೈಗೆ ಕೈ ಕೊಟ್ಟು ಪಾರ್ಕಿನ ಸುತ್ತ ನಡೆಯುತ್ತಾರೆ. ನೋಡಿದವರೆಲ್ಲ, "ಮುದುಕಿಯನ್ನ ಎಷ್ಟು ಜೋಪಾನವಾಗಿ ನಡೆಸ್ತಾನೆ, ಅಳಿಯ ಅಂದ್ರೆ ಹೀಗಿರಬೇಕು," ಎಂದು ಮೆಚ್ಚುತ್ತಾರೆ. ಯಾರು ಯಾರನ್ನು ಎಳೆದುಕೊಂಡು ಹೋಗುತ್ತಿದ್ದಾರೆ ಎಂಬುದು ಮೇಷ್ಟ್ರ ಮೊಣಕಾಲಿಗೆ ಮಾತ್ರ ಗೊತ್ತು.

ಮೊನ್ನೆ ಹೀಗೇ ಏದುಸಿರು ಬಿಡುತ್ತಾ ಹೋಗುತ್ತಿದ್ದಾಗ, ಅವರ ಬಳಿಯೇ ಕಲಿತು ಹೊಸದಾಗಿ ಲೈಸೆನ್ಸ್ ಪಡೆದ ದರ್ಜಿಯೊಬ್ಬ ಪಕ್ಕದಲ್ಲಿ ಕಾರು ನಿಲ್ಲಿಸಿದ.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಮನೆಗೆ ಬಿಡ್ತೀನಿ. ಅಜ್ಜಿಗೆ ಪಾಪ ಸುಸ್ತಾದ ಹಾಗಿದೆ."

ಮೇಷ್ಟ್ರ ಕೈ ಆಗಲೇ ಬಾಗಿಲಿನ ಹಿಡಿಯ ಮೇಲಿತ್ತು.

"ಅಜ್ಜಿಗೇನೂ ಸುಸ್ತಾಗಿಲ್ಲಪ್ಪ," ಎಂದರು ಅತ್ತೆ, ಆ ಕೈಯನ್ನು ಬಿಡಿಸಿ ತಮ್ಮ ಕೈಯೊಳಗೆ ಸೇರಿಸಿಕೊಳ್ಳುತ್ತಾ. "ಇವರದ್ದಿನ್ನೂ ಎರಡು ಸುತ್ತು ಬಾಕಿ ಇದೆ. ನೀನು ಹೊರಡು."

ದರ್ಜಿ ಹೊರಟ. ಹೊರಟವನು ಸಿಗ್ನಲ್ಲೂ ಹಾಕದೆ, ಹಿಂದೆಯೂ ನೋಡದೆ ಸರ್ರನೆ ಬಲಕ್ಕೆ ತಿರುಗಿಸಿದ. ಮೇಷ್ಟ್ರೊಳಗಿನ ಗುರು ಸಿಡಿದೆದ್ದ.

"ಏಯ್! ಇಂಡಿಕೇಟರ್! ಇಂಡಿಕೇಟರ್ ಯಾರಪ್ಪ ಹಾಕ್ತಾರೆ? ನಾನು ಕಲಿಸಿದ್ದು ಇದೇನಾ—"

"ಬಿ.ಪಿ., ಅಳಿಯಂದ್ರೇ," ಎಂದರು ಅತ್ತೆ. "ಬಿ.ಪಿ."

ಮೇಷ್ಟ್ರು ಬಾಯಿ ಮುಚ್ಚಿಕೊಂಡು ನಡೆದರು.