ಮದುವೆ ಮುಗಿಯೋವರೆಗೂ ಮುಚ್ಚುವಂತಿಲ್ಲ

ಕಂಪ್ಯೂಟರ್ ರಿಪೇರಿಯವನ ಪಾಡು ಇಷ್ಟೇ: ನೋಡಲು ಹೋಗುವುದು ಯಂತ್ರವನ್ನು, ನೋಡಿ ಬರುವುದು ಅದರ ಯಜಮಾನರನ್ನು. ನಮ್ಮ ಬೆಂಗಳೂರಿನ ಕಂಟೋನ್ಮೆಂಟ್ ಕಡೆಯಂತೂ "ಬೆಳಿಗ್ಗೆ ಚೆನ್ನಾಗೇ ಇರುತ್ತೆ, ಹೊತ್ತು ಏರ್ತಾ ಏರ್ತಾ ಹೊಸದೇನೂ ಓಪನ್ ಆಗಲ್ಲ" ಅನ್ನುವ ದೂರು ಬಂದೇ ಬರುತ್ತದೆ. ಯಂತ್ರದ ಮುನಿಸು ಒಂದೇ, ಕಾರಣ ಮಾತ್ರ ಮನೆಗೊಂದು.

೧. ಕೆ.ಆರ್. ಪುರದ ಬಿತ್ತನೆ

ಇಲ್ಲೊಬ್ಬರು ಹಿರಿಯರು. ಹಿಂದೆ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ಮನೆಗಳಿವೆ. "ಹೇಗೆ ಓಪನ್ ಮಾಡ್ತೀರಿ, ತೋರಿಸಿ" ಅಂದೆ. ಐಕಾನ್ ಒತ್ತಿದರು. ಅದು ಕಣ್ಣುಬಿಡುವ ಮೊದಲೇ ಮತ್ತೆ ಒತ್ತಿದರು, ಮತ್ತೂ ಒತ್ತಿದರು.

"ಯಾಕೆ ಸಾರ್ ಇಷ್ಟು ಸಲ?"

"ಗುಣಿಗೆ ಒಂದೇ ಬೀಜ ಹಾಕ್ತಾರೇನಪ್ಪಾ? ನಾಲ್ಕು ಹಾಕಿದ್ರೆ ಒಂದಾದ್ರೂ ಹುಟ್ಟುತ್ತೆ."

ಒಳಗೆ ಓಡುತ್ತಿದ್ದುದನ್ನೆಲ್ಲ ಪರದೆಗೆ ತಂದು ತೋರಿಸಿದೆ. ಹಾಕಿದ ಬೀಜವೆಲ್ಲ ಹುಟ್ಟಿ, ಹೊಸದಕ್ಕೆ ಕಾಲಿಡಲು ಜಾಗವಿರಲಿಲ್ಲ. ಹೆಚ್ಚಿನವನ್ನು ಮುಚ್ಚುವುದು ಹೇಗೆಂದು ಹೇಳಹೊರಟರೆ ಮೌಸ್ ಕಿತ್ತುಕೊಂಡರು. "ಕಳೆ ಕೀಳೋದು ನೀನು ನನಗೆ ಹೇಳ್ಕೊಡ್ತೀಯಾ?" ಎಂದು ಚಕಚಕನೆ ಎಲ್ಲ ಕಿತ್ತು ಹಾಕಿ, ಹೆಮ್ಮೆಯಿಂದ ಹೇಳಿದರು: "ಏನೇ ಹೇಳು, ಫಸಲು ಮಾತ್ರ ಭರ್ಜರಿ!"

೨. ಶಿವಾಜಿನಗರದ ಶಪಥ

ಮದುವೆ ಕಾರ್ಡ್ ಅಂಗಡಿಯ ಒಡತಿಯನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಅನ್ನುತ್ತಾರೆ. ಕನ್ನಡ, ಉರ್ದು, ತಮಿಳು, ಇಂಗ್ಲಿಷ್, ಯಾವುದರಲ್ಲೂ ಒಂದಕ್ಷರ ತಪ್ಪದ ಕೈ ಅವರದು. ಅಂಥವರ ಕಂಪ್ಯೂಟರ್ ಒಂದು ಮಧ್ಯಾಹ್ನ ಕೈಕೊಟ್ಟಿತು. ಎದುರಿಗೆ ರಾಮಮೂರ್ತಿ ನಗರದ ಮದುವೆ ಹೆಣ್ಣಿನ ತಂದೆಯೊಬ್ಬರು ಬೆವರುತ್ತಾ ಕೂತಿದ್ದರು. ಸಂಜೆಯ ರೈಲಿಗೆ ಕಾರ್ಡ್ ಹಿಡಿದು ಊರಿಗೆ ಹೊರಡಬೇಕು, ಕಾರ್ಡ್ ಇನ್ನೂ ಅಚ್ಚೇ ಆಗಿಲ್ಲ.

ನೋಡಿದರೆ ಪರದೆಯಲ್ಲಿ ಹಳೆಯ ಕಾರ್ಡುಗಳೆಲ್ಲ ತೆರೆದೇ ಇದ್ದವು! ಆಫ್ ಮಾಡಲು ಕೈ ಚಾಚಿದೆ. ಆಪಾ ಕೈ ಹಿಡಿದರು.

"ಅರೆ, ಬೇಡ! ನಿಕಾಹ್ ಆಗ್ಲಿ, ತಾಳಿ ಕಟ್ಲಿ, ಚರ್ಚ್‌ನಲ್ಲಿ ಉಂಗುರ ಹಾಕ್ಲಿ. ಮದುವೆ ಮುಗಿಯೋಕೆ ಮುಂಚೆ ನಾನು ಕಾರ್ಡ್ ಬಂದ್ ಮಾಡಲ್ಲ. ಅಪಶಕುನ."

"ಎಷ್ಟೋ ಮದುವೆ ತಾರೀಖು ಮುಗಿದಿದೆಯಲ್ಲ ಆಪಾ?"

"ತಾರೀಖು ಮುಗಿದ್ರೆ ಮದುವೆ ಮುಗಿದ ಹಾಗಾ? ಹೆಣ್ಣಿನ ಮನೆಯೋರು ಬಾಯಿಬಿಟ್ಟು ಹೇಳ್ಬೇಕು."

ಯಾರದೋ ಮಕ್ಕಳ ಮೇಲೆ ಇಷ್ಟು ಅಕ್ಕರೆ! ನನಗೆ ಸಿಟ್ಟು ಬರಬೇಕಿತ್ತು, ಗೌರವವೇ ಬಂತು. ಹೆಣ್ಣಿನ ತಂದೆ ಮಾತ್ರ ಕೈಮುಗಿದರು: "ತಾಯೀ, ಇದು ಅಚ್ಚಾಗದಿದ್ರೆ ನನ್ನ ಮಗಳ ಮದುವೆ ಶುರುವೇ ಆಗಲ್ಲ!"

೩. ಬಾಯಿಬಿಟ್ಟು ಹೇಳಿದವರು

ಆಪಾ ಫೋನ್ ಎತ್ತಿಕೊಂಡರು. ಒಂದೊಂದೇ ಮನೆಗೆ ಕರೆ. "ಮದುವೆ ಆಯ್ತಾ? ಮಗಳು ಖುಷಿಯಾಗಿದ್ದಾಳಾ? ಸರಿ, ಬಂದ್ ಮಾಡ್ತೀನಿ." ಒಂದು ಮನೆಯವರು, ಮೊಮ್ಮಗುವೇ ಹುಟ್ಟಿತೆಂದರು. ಆಪಾ ದುವಾ ಮಾಡಿ ಆ ಕಾರ್ಡನ್ನೂ ಮುಚ್ಚಿದರು. ಕಂಪ್ಯೂಟರ್ ನಿಟ್ಟುಸಿರು ಬಿಟ್ಟಿತು, ಹೊಸ ಕಾರ್ಡ್ ತೆರೆದುಕೊಂಡಿತು. ಪ್ರಿಂಟರ್ ಕೂಡ ಸದ್ದಿಲ್ಲದೆ ಸಹಕರಿಸಿತು. ಇನ್ನೂ ಬಿಸಿಯಾಗಿದ್ದ ಕಾರ್ಡಿನ ಕಟ್ಟನ್ನು ಎದೆಗವಚಿಕೊಂಡು ಹೆಣ್ಣಿನ ತಂದೆ ಬಾಗಿಲಿಗೆ ಓಡಿದರು.

ಅಷ್ಟರಲ್ಲಿ ಆಪಾ ಕೊನೆಯ ಮನೆಗೆ ಫೋನ್ ಮಾಡಿದ್ದರು. ಆ ಕಡೆಯ ತಾಯಿ ಅಳುತ್ತಿದ್ದರು. ಇನ್ನೇನು ಆಗಬೇಕಿದ್ದ ಆ ಮದುವೆ ಮುರಿದು ಹೋಗಿತ್ತು.

"ಹಾಗಾದ್ರೆ ಇದನ್ನೂ ಮುಚ್ಚಬಹುದು ಆಪಾ" ಅಂದೆ ಮೆಲ್ಲಗೆ.

ಆಪಾ ನನ್ನನ್ನು ದುರುಗುಟ್ಟಿ ನೋಡಿದರು. "ಯಾಕೆ? ಹುಡುಗಿ ಇದ್ದಾಳೆ, ಹಾಲ್ ಇದೆ, ಊಟ ಇದೆ. ಹೋಗಿದ್ದು ಹುಡುಗ ಒಬ್ಬನೇ ತಾನೇ!" ಎಂದು ಹುಡುಗನ ಹೆಸರೊಂದನ್ನೇ ಅಳಿಸಿ, ಕಾರ್ಡನ್ನು ಹಾಗೇ ತೆರೆದಿಟ್ಟರು. ಫೋನಿನಲ್ಲಿ, "ಅಮ್ಮಾ, ಅಳಬೇಡಿ. ಜಾಗ ಖಾಲಿ ಬಿಟ್ಟಿದ್ದೀನಿ" ಅಂದರು.

ಬಾಗಿಲಲ್ಲಿದ್ದ ಹೆಣ್ಣಿನ ತಂದೆ ಗಕ್ಕನೆ ನಿಂತರು. ತಿರುಗಿ ಬಂದು, ಕಾರ್ಡಿನ ಕಟ್ಟನ್ನು ಮೇಜಿನ ಮೇಲಿಟ್ಟು, ಮತ್ತೆ ಅದೇ ಕುರ್ಚಿಯಲ್ಲಿ ಕೂತರು.

"ಸಾರ್, ನಿಮ್ಮ ರೈಲು!" ಎಂದು ನಾನು ಕೂಗಿದೆ.

"ಇರಲಿ ಬಿಡ್ರೀ, ರೈಲು ನಾಳೆನೂ ಇರುತ್ತೆ. ಆಪಾ, ಹುಡುಗಿ ಯಾವ ಕಡೆಯೋರು? ನಮ್ಮಣ್ಣನ ಮಗ ಒಬ್ಬ ಇದ್ದಾನೆ."